ಕಿಟಕಿಯ ಗದ್ದೆ

ದಸರೆಯ ಹಿಂದಿನ ದಿನ ಡೊಂಬಿವಲಿ ಸ್ಟೇಷನ್ ಹೊರಗೆ ಚೆಂಡುಹೂವಿನ ರಾಶಿಯ ಪಕ್ಕ, ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಭತ್ತದ ತೆನೆ ಮಾರುತ್ತಿದ್ದರು. ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದೆ. ಆ ಹಸಿ ವಾಸನೆಗೆ, ನಾವು ಮೊದಲಿದ್ದ ನವಿ ಮುಂಬಯಿಯ ಕಾಮೋಠೆಯ ಎದುರು ಮನೆಯ ಅಕ್ಕ ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಬಿಜಾಪುರದಿಂದ ಮದುವೆಯಾಗಿ ಅಲ್ಲಿಗೆ ಬಂದಾಗ ಕನ್ನಡ ಮಾತಾಡಲು ಇದ್ದವರು ಅವರೊಬ್ಬರೇ. ಉಡುಪಿ ಕಡೆಯವರು. ಗಂಡ ಥಾಣೆಯ ಹೋಟೆಲ್ಲಿನಲ್ಲಿ, ಅತ್ತೆ ಹಾಸಿಗೆ ಹಿಡಿದವರು. ಅಕ್ಕ ತರಕಾರಿ ತರಲೂ ಕೆಳಗಿಳಿಯುವಂತಿರಲಿಲ್ಲ; ನಾನೇ ತಂದುಕೊಡುತ್ತಿದ್ದೆ. ಅವರ ಪಾಲಿಗೆ ಲೋಕವೆಂದರೆ ಅಡುಗೆಮನೆಯ ಕಿಟಕಿ, ಅದರಾಚೆಯ ಗದ್ದೆ, ಬದುವಿನ ಈಚಲು ಮರದಲ್ಲಿ ತೂಗುವ ಗೀಜಗನ ಗೂಡುಗಳು. ಹಕ್ಕಿಗಳು ಗೂಡಿಗೆ ಭತ್ತದ ಎಲೆ ಸೀಳಿ ಒಯ್ಯುತ್ತಿದ್ದುದೂ, ಮರಿಗಳಿಗೆ ಹುಳ, ಮಿಡತೆ ಹಿಡಿಯುತ್ತಿದ್ದುದೂ ಆ ಗದ್ದೆಯಿಂದಲೇ. ಮರಿ ಹಾರಿದ ದಿನ ಅಕ್ಕ ಪಾಯಸ ಮಾಡುತ್ತಿದ್ದರು. ಇದೆಂಥ ಹುಚ್ಚು ಎಂದು ನಗುತ್ತಲೇ ನಾನು ಎರಡು ಬಟ್ಟಲು ತಿನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಡಂಪರುಗಳು ಬಂದು ಗದ್ದೆಗೆ ಮಣ್ಣು ಸುರಿದವು. ಬಿಲ್ಡಿಂಗ್ ಏಳುವುದಿತ್ತು. ಈಚಲು ಮರವೊಂದೇ ಉಳಿಯಿತು. ಅಕ್ಕ ಎಣ್ಣೆ ಡಬ್ಬಗಳನ್ನು ಕತ್ತರಿಸಿ, ಊರಿನಿಂದ ತರಿಸಿದ ಭತ್ತ ಬಿತ್ತಿ, ಕಿಟಕಿಯ ಗ್ರಿಲ್ಲಿನೊಳಗೆ ಸಾಲಾಗಿ ಇಟ್ಟರು.

"ಇದೇನ್ರೀ ಅಕ್ಕಾರ, ಕಿಟಕ್ಯಾಗ ಒಕ್ಕಲುತನ ಹೂಡೀರಿ?" ಎಂದು ಕಾಡಿದೆ.

"ನಗಾಡ್ಬೇಡ ಮಾರಾಯ್ತಿ. ನನಗಂತೂ ಹೊರಗೆ ಹೋಗ್ಲಿಕ್ಕಿಲ್ಲ. ಆ ಹಕ್ಕಿಗಳಾದ್ರೂ ಬರ್ಲಿ."

ಮಳೆ ಹಿಡಿದ ಮೇಲೆ ಬಂದೇ ಬಂದವು. ಗಂಡು ಹಕ್ಕಿಗಳು ಅಕ್ಕನ ಮುಖದೆದುರೇ ಎಲೆ ಸೀಳಿಕೊಂಡು ಹೋಗಿ ಗೂಡು ಹೆಣೆಯತೊಡಗಿದವು. ಅಕ್ಕ ಒಗ್ಗರಣೆ ಸೀದರೂ ಅಲುಗದೆ ನಿಂತಿರುತ್ತಿದ್ದರು. ಆದರೆ ಹೆಣ್ಣುಗಳು ಬಂದವು, ಗೂಡು ನೋಡಿದವು, ಒಪ್ಪದೆ ಹೋದವು. ಎಲೆ ಸಾಲದೇನೋ ಎಂದುಕೊಂಡು ಅಕ್ಕ, ಪಾಪ, ಇನ್ನೆರಡು ಡಬ್ಬ ಬಿತ್ತಿದರು. ಎಲೆಗೇನು, ಬೇಕಾದಷ್ಟಿತ್ತು. ಮರಿಯ ಬಾಯಿಗಿಡಲು ಹುಳ ಎಲ್ಲಿತ್ತು? ಗೂಡುಗಳು ಅರ್ಧಕ್ಕೇ ನಿಂತು ಒಣಗಿದವು.

"ಕಿಟಕಿಯಲ್ಲಿ ಗದ್ದೆ ಆಗೂದಿಲ್ಲ ಅಲ್ವಾ" ಎಂದರು ಒಂದು ಸಂಜೆ. ಅಷ್ಟರಲ್ಲಿ ಅತ್ತೆ ಕರೆದರು, ಗಂಜಿ ಹಿಡಿದು ಒಳಗೆ ಹೋದರು.

ಮುಂದಿನ ವರ್ಷ ಮರವೂ ಹೋಯಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಗೋಡೆ ಎದ್ದಿತು. ಅಕ್ಕ ಹಗಲಲ್ಲೇ ಲೈಟು ಹಾಕಿ ಅಡುಗೆ ಮಾಡತೊಡಗಿದರು... ನಾವು ಡೊಂಬಿವಲಿಗೆ ಬಂದುಬಿಟ್ಟೆವು. ಅತ್ತೆಗಿಂತ ಮೊದಲು ಅಕ್ಕನೇ ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು. ಆ ಸಂಕಟ ನನಗಿನ್ನೂ ಹೋಗಿಲ್ಲ.

ತಂದ ತೆನೆಯನ್ನು ಬಾಗಿಲಿಗೆ ಕಟ್ಟದೆ, ಹಕ್ಕಿ ಬಂದರೆ ಬರಲೆಂದು ಅಡುಗೆಮನೆಯ ಗ್ರಿಲ್ಲಿಗೆ ಕಟ್ಟಿದ್ದೆ. ದಸರೆ ಮುಗಿದು ಎಷ್ಟೋ ದಿನವಾಯಿತು. ಇವತ್ತು ಬಿಚ್ಚಲು ಹೋದರೆ, ಒಂದು ಕಾಳೂ ಕಡಿಮೆಯಾಗಿರಲಿಲ್ಲ.