ಗದ್ದದಿಂದ ಕೆಳಗೆ

ಅವರ ಕುತ್ತಿಗೆಯ ಮೇಲೆ ಮೂರು ಅಡ್ಡ ಗೆರೆಗಳಿದ್ದವು. ಮೇಲಿನವೆರಡು ತೆಳು, ಕೆಳಗಿನದು ಆಳ. ಆ ಆಳದ ಗೆರೆಯ ಎಡತುದಿಯಲ್ಲಿ ಎಳ್ಳಿನಷ್ಟು ಒಂದು ಮಚ್ಚೆ. ಅದರ ಪಕ್ಕದಲ್ಲೇ, ಎಣ್ಣೆ ಬೆವರು ಕುಡಿದು ಕಪ್ಪಾದ ದಾರವೊಂದು ಇಳಿದು ಸೆರಗಿನೊಳಗೆ ಹೋಗುತ್ತಿತ್ತು. ವಿಭೂತಿಯ ಬೆರಳು ತಾಗಿ ತಾಗಿ ಆ ದಾರ ಅಲ್ಲಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಬೆಳಗಿನ ಏಳೂವರೆಯ ಬಿಸಿಲು ಪಕ್ಕದಿಂದ ಬಿದ್ದರೆ ಮೂರೂ ಗೆರೆ ಕಾಣುತ್ತಿದ್ದವು, ಒಂಬತ್ತು ದಾಟಿದರೆ ಕೆಳಗಿನದೊಂದೇ. ಇಷ್ಟು ಚೆನ್ನಾಗಿ ನನಗೆ ನನ್ನ ಗಂಡನ ಕುತ್ತಿಗೆಯೂ ಗೊತ್ತಿಲ್ಲ.

ದಾವಣಗೆರೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ ಅವರು. ಊರು ಆವರಗೆರೆಯ ಕಡೆ ಬೆಳೆಯುತ್ತಾ ಹೋದ ದಿಕ್ಕಿನಲ್ಲಿ ಮನೆ. ಕೆಳಗೆ ಅವರು, ಮಗ, ಸೊಸೆ. ಮಹಡಿಯ ಮೇಲೆ ನಾವು. ಓಣಿಗೆಲ್ಲ ಅವರು ಓನರಮ್ಮ. ನಾನು ಮಣ್ಣಿನ ಆಭರಣ ಮಾಡಿ ಫೋನಿನಲ್ಲಿ ಮಾರುತ್ತೇನೆ. ಆ ಕಸುಬು ತಳವೂರಿ ನಿಂತದ್ದು ಅವರ ಹಿತ್ತಲಿನಿಂದ, ಅವರ ಕುತ್ತಿಗೆಯಿಂದ. ಅಂಥವರ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದನ್ನು ತಿದ್ದಿಕೊಂಡೆ. ಇನ್ನೊಂದನ್ನು ತಿದ್ದುವಷ್ಟರಲ್ಲಿ ಅವರು ಹೋಗಿಬಿಟ್ಟರು. ಬರೆದರೆ ಸರಿಹೋಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ನನ್ನದು ಕುಕ್ಕುವಾಡದ ಒಕ್ಕಲುತನದ ಮನೆ. ಮದುವೆಯಾಗಿ ಇಲ್ಲಿಗೆ ಬಂದು ಹತ್ತು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದೆ. ಆ ಕೆಲಸ ಹೋದ ಮೇಲೆ, ಮನೆಯಲ್ಲಿ ಸುಮ್ಮನೆ ಕೂರಲಾಗದೆ ಮಣ್ಣಿಗೆ ಕೈ ಹಾಕಿದೆ. ಕೊಕ್ಕನೂರಿನ ಕಡೆಯ ಕೆರೆಯಂಗಳದಿಂದ ಮಣ್ಣು ತರಿಸಿ, ಸೋಸಿ, ನಾದಿ, ಮಣಿ ಮಾಡಿ ಒಣಗಿಸುವುದು. ಹಿತ್ತಲ ಮೂಲೆಯಲ್ಲಿ ಹಳೆಯ ಎಣ್ಣೆ ಡಬ್ಬಿಗೆ ಭತ್ತದ ಹೊಟ್ಟು ತುಂಬಿ, ಅದರೊಳಗಿಟ್ಟು ಸುಡುವುದು. ಹೊಗೆ ಕುಡಿದು ಮಣಿಗಳು ಕಪ್ಪಾಗಿ ಹೊಳೆಯುತ್ತವೆ. ಮಾಡುವುದೇನೋ ಬಂತು, ಫೋಟೋ ತೆಗೆಯುವುದು ಬರಲಿಲ್ಲ. ಮನೆಯೊಳಗೆ ಬಿಳಿ ಬಟ್ಟೆ ಹಾಸಿ ತೆಗೆದರೆ ಇದ್ದಿಲು ಸುರುವಿದ ಹಾಗೆ ಕಾಣುತ್ತಿತ್ತು. ಹಾಗಾಗಿ ಹಿತ್ತಲಿಗೆ ಇಳಿದೆ. ದಾಸವಾಳದ ಎಲೆಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಾಳೆಯ ಬುಡದಲ್ಲಿ ಇಟ್ಟು ತೆಗೆದೆ. ಆಗ ಗಿರಾಕಿಗಳದು ಹೊಸ ರಾಗ ಶುರುವಾಯಿತು: ಹಾಕಿಕೊಂಡರೆ ಹೇಗೆ ಕಾಣುತ್ತದೆ, ತೋರಿಸಿ ಮೇಡಂ.

ಗಂಡ ಬೆಳಿಗ್ಗೆ ಆರಕ್ಕೇ ಹರಿಹರದ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ಒಂದು ಕೈಯಲ್ಲಿ ಫೋನ್ ಹಿಡಿದು ನನ್ನ ಕುತ್ತಿಗೆಯನ್ನು ನಾನೇ ತೆಗೆಯಲು ಒದ್ದಾಡುತ್ತಿದ್ದಾಗ, ಪೂಜೆಗೆ ಪತ್ರಿ ಕೀಳಲು ಬಂದಿದ್ದ ಓನರಮ್ಮ ಬಹಳ ಹೊತ್ತು ನೋಡಿದರು.

"ಏನ್ ಮಾಡಾಕತ್ತೀಯವ್ವ? ಕತ್ತು ಉಳುಕಿಸ್ಕಂಡೀಯ. ಪೂಜೆ ಮುಗಿಸ್ಕಂಡು ಬರ್ತೀನಿ, ನನ್ನ ಕುತ್ತಿಗೀಗೆ ಹಾಕು," ಎಂದರು.

ಬಂದು ಒಗೆಯುವ ಕಲ್ಲಿನ ಮೇಲೆ ಕೂತರು. ಸರ ಹಾಕಿದೆ. ಫೋನ್ ಎತ್ತಿದ ಕೂಡಲೇ ಅವರ ಸೆರಗು ಮುಖಕ್ಕೆ ಹೋಯಿತು.

"ಮಾರಿ ಬ್ಯಾಡ. ಗದ್ದದಿಂದ ಕೆಳಗೆ ತಗ. ಗಂಡ ಸತ್ತಾಕಿ ಸರ ಹಾಕ್ಕಂಡು ಕುಂತಾಳೆ ಅಂತ ಓಣ್ಯಾಗೆ ಆಡ್ಕಂತಾರೆ."

"ಮಣ್ಣಿನ ಸರ ಅಲ್ಲೇನ್ರಿ ಅಮ್ಮಾರೆ?"

"ಮಣ್ಣು ಅಂತ ನಿನಗೂ ಗೊತ್ತೈತೆ, ನನಗೂ ಗೊತ್ತೈತೆ. ಓಣಿಗೆ ಯಾರು ಹೇಳ್ತಾರೆ?"

ಹೀಗೆ ಶುರುವಾದದ್ದು ಆರು ವರ್ಷ ನಡೆಯಿತು. ವಾರಕ್ಕೆರಡು ದಿನ, ಮಳೆಗಾಲದಲ್ಲಿ ಬಿಸಿಲು ಬಂದ ದಿನ.

ಅವರ ಒಂದು ನಿಯಮದಿಂದ ನನಗೆ ತಲೆ ಕೆಡುತ್ತಿತ್ತು. ಸ್ನಾನ ಮಾಡಿ, ಕೊರಳ ದಾರದಲ್ಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ, ಹಿತ್ತಲಿಗೂ ಕೂರಲು ಬರುತ್ತಿರಲಿಲ್ಲ. ಒಳ್ಳೆಯ ಬೆಳಕು ಇರುವುದೇ ಒಂದು ಗಂಟೆ. ಆ ಗಂಟೆಯಲ್ಲೇ ಅವರ ಪೂಜೆ. ನಾನು ಸರಗಳ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತು, ಬಿಸಿಲು ಕಾಂಪೌಂಡ್ ಗೋಡೆ ಇಳಿಯುವುದನ್ನು ನೋಡುತ್ತಾ ಹಲ್ಲು ಕಡಿಯುತ್ತಿದ್ದೆ. ಒಮ್ಮೆ ತಡೆಯಲಾರದೆ, ಇವತ್ತೊಂದಿನ ಪೂಜೆ ಆಮೇಲೆ ಮಾಡಿದರೆ ಆಗಲ್ಲವೇ ಎಂದು ಕೇಳಿಯೂಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. "ನಿನ್ನ ಬಿಸಿಲು ನಾಳೆನೂ ಬರ್ತೈತೆ ಬಿಡು," ಎಂದು ಒಳಗೆ ಹೋದರು. ಅರ್ಧ ಗಂಟೆ ಕಳೆದು ಬಂದರು.

ಬಂದ ಮೇಲೆ ಮಾತ್ರ ಅವರಷ್ಟು ಹೇಳಿದ ಹಾಗೆ ಕೇಳುವವರನ್ನು ನಾನು ನೋಡಿಲ್ಲ. ಗದ್ದ ಎತ್ತಿ ಎಂದರೆ ಎತ್ತಿದರು, ಉಸಿರು ಹಿಡಿಯಿರಿ ಎಂದರೆ ಹಿಡಿದರು. ಊರಿನ ಮಂಡಕ್ಕಿ ಭಟ್ಟಿಗಳ ಬೂದಿ ಗಾಳಿ ತಿರುಗಿದ ದಿನ ನಮ್ಮ ಹಿತ್ತಲಿಗೂ ಹಾರಿ ಬಂದು ಕಪ್ಪು ಮಣಿಗಳ ಮೇಲೆ ಕೂರುತ್ತಿತ್ತು. ನಾನು ಬೈದುಕೊಳ್ಳುತ್ತಿದ್ದರೆ ಅವರು ಕೂತಲ್ಲಿಂದಲೇ ಸೆರಗಿನ ತುದಿಯಿಂದ ಒಂದೊಂದೇ ಮಣಿ ಒರೆಸುತ್ತಿದ್ದರು. ಓಲೆ ಹಾಕುವುದಂತೂ ದೊಡ್ಡ ಕೆಲಸ. ಒಂದು ಕಾಲದಲ್ಲಿ ಹಾಕುತ್ತಿದ್ದ ಬಂಗಾರದ ಜುಮಕಿಗಳ ಭಾರಕ್ಕೆ ಅವರ ಕಿವಿಯ ತೂತು ಹಿಗ್ಗಿ ಜೋತುಬಿದ್ದಿತ್ತು. ನನ್ನ ತೆಳು ಕೊಕ್ಕೆ ಅದರಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಒಂದು ಚೂರು ಹಸಿಮಣ್ಣು ಮೆತ್ತಿ ನಿಲ್ಲಿಸುತ್ತಿದ್ದೆ. "ಇನ್ನು ಕಿವ್ಯಾಗೆ ಮೆಂತೆ ಬಿತ್ತಿಬಿಡು," ಎಂದು ನಗುತ್ತಿದ್ದರು.

ನನಗೆ ದಣಿವು ಎನ್ನುವುದು ಆಗಲೇ ಮೈಗೆ ಹತ್ತಿತ್ತು. ಮಣ್ಣು ನಾದಿ ಮೊಣಕೈ ನೋವು, ಬಗ್ಗಿ ಬಗ್ಗಿ ಸೊಂಟ ನೋವು, ಇಡೀ ದಿನ ಫೋನಿನಲ್ಲಿ ಇದು ಒಡೆಯುತ್ತಾ, ಬಣ್ಣ ಬಿಡುತ್ತಾ ಎನ್ನುವವರಿಗೆ ಉತ್ತರ. ನನ್ನ ಮುಖ ನೋಡಿಯೇ ಓನರಮ್ಮನಿಗೆ ಗೊತ್ತಾಗುತ್ತಿತ್ತು. ಕೊರಳ ಸರ ತಾವೇ ಬಿಚ್ಚಿ ತಟ್ಟೆಯಲ್ಲಿಟ್ಟು, "ಇವತ್ತಿಗೆ ಇಷ್ಟು ಸಾಕು ತಗ," ಎನ್ನುತ್ತಿದ್ದರು. ಅವರು ಹಾಗೆ ಹೇಳಿದ್ದರಿಂದಲೇ ಎಷ್ಟೋ ದಿನ ನಾನು ಹೊತ್ತಿಗೆ ಸರಿಯಾಗಿ ತಿಂಡಿ ತಿಂದಿದ್ದೇನೆ.

ಮೊದಲನೆಯ ತಪ್ಪು ನಡೆದದ್ದು ನಾಲ್ಕನೆಯ ವರ್ಷ. ದೂರದ ದೊಡ್ಡ ಊರಿನ ಅಂಗಡಿಯೊಂದು ನನ್ನ ಸರಗಳನ್ನು ಇಟ್ಟುಕೊಳ್ಳುತ್ತೇನೆಂದಿತು. ಅಷ್ಟು ದೊಡ್ಡ ಆರ್ಡರ್ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಫೋಟೋ ಕಳಿಸಿದೆ. ಸರ ಚೆನ್ನಾಗಿದೆ, ಆದರೆ ಕುತ್ತಿಗೆಯಲ್ಲಿರುವ ಆ ಕೊಳಕು ದಾರ ಕಾಣಬಾರದು ಎಂದು ಬರೆದರು. ಲಿಂಗ ತೆಗೆದಿಟ್ಟು ಬನ್ನಿ ಎಂದು ಅವರಿಗೆ ಹೇಳುವುದು ಹೇಗೆ? ಅಷ್ಟು ಬುದ್ಧಿ ನನಗಿತ್ತು. ಅದಕ್ಕಿಂತ ಹೆಚ್ಚಿನ ಬುದ್ಧಿ ಇರಲಿಲ್ಲ. ಫೋನಿನಲ್ಲೇ ಬೇಡದ್ದನ್ನು ಅಳಿಸುವ ಸೌಕರ್ಯ ಇದೆಯಲ್ಲ, ಬೆರಳಿನಿಂದ ಉಜ್ಜಿ ಉಜ್ಜಿ ಹನ್ನೆರಡು ಫೋಟೋಗಳಲ್ಲಿ ದಾರ ಅಳಿಸಿದೆ. ಅಳಿಸಿದ್ದು ಗೊತ್ತೇ ಆಗದಷ್ಟು ನಯವಾಗಿ ಬಂತು. ಖುಷಿಯಾಗಿ ಅವರಿಗೇ ಒಯ್ದು ತೋರಿಸಿದೆ.

ಅವರು ಫೋನನ್ನು ತೋಳುದ್ದ ದೂರ ಹಿಡಿದು ನೋಡಿದರು. ಇನ್ನೊಂದು ಕೈ ತಾನಾಗಿ ಎದೆಗೆ ಹೋಯಿತು. ಸೆರಗಿನ ಮೇಲಿನಿಂದ ಲಿಂಗವನ್ನು ಮುಟ್ಟಿ ನೋಡಿಕೊಂಡರು.

"ದಾರ ಎಲ್ಲೈತವ್ವ?"

"ಅಂಗಡಿಯೋರು ಬ್ಯಾಡ ಅಂದ್ರು ಅಮ್ಮಾರೆ. ಫೋಟೋದಾಗೆ ಅಷ್ಟೇ ತಗದಿದ್ದು."

ಅವರು ಮತ್ತೊಮ್ಮೆ ಫೋನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಸತ್ತ ಮ್ಯಾಲೂ ಇದನ್ನ ತಗಿಯಲ್ಲ ನಮ್ಮಾಗೆ. ಮೈ ಜತೀಗೆ ಮಣ್ಣಿಗೆ ಹೋಗ್ತೈತೆ. ನೀನು, ನಾನು ಜೀವಂತ ಕುಂತಿರಂಗನೇ ತಗದೀಯಲ್ಲ," ಎಂದರು.

ಫೋನ್ ನನ್ನ ಕೈಗಿಟ್ಟು ಒಳಗೆ ಹೋದರು. ಬಯ್ದಿದ್ದರೆ ಬಯ್ಗುಳ ತಿಂದು ಮುಗಿಸುತ್ತಿದ್ದೆ. ಎಂಟು ದಿನ ಅವರು ಹಿತ್ತಲಿಗೆ ಬರಲಿಲ್ಲ. ಪತ್ರಿ ಕೀಳಲು ಸೊಸೆ ಬಂದಳು. ಹಿತ್ತಲಿಗೆ ಬರಬೇಡ ಎಂದು ನನಗೇನೂ ಹೇಳಿರಲಿಲ್ಲ, ಆದರೂ ನಾನು ಇಳಿಯಲಿಲ್ಲ. ಆ ದಾರವನ್ನು ನಾಲ್ಕು ವರ್ಷ ದಿನಾ ನೋಡಿದ್ದೆ. ನೋಡಿದ್ದೆನೇ ಹೊರತು ಅದು ಅವರಿಗೆ ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಬೆಳಕಿಗೆ ಅಡ್ಡ ಬರುವ ಒಂದು ವಸ್ತುವೆಂದೇ ತಿಳಿದಿದ್ದೆ. ನಾಚಿಕೆಯಾಯಿತು.

ಒಂಬತ್ತನೆಯ ದಿನ ಅಳಿಸಿದ ಹನ್ನೆರಡನ್ನೂ ತೆಗೆದುಹಾಕಿ, ದಾರ ಇದ್ದ ಫೋಟೋಗಳನ್ನೇ ಅಂಗಡಿಗೆ ಕಳಿಸಿದೆ. ಅಂಗಡಿಯವರು ಬೇಡ ಎಂದರು. ಎನ್ನಲಿ. ಕೆಳಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದೆ: "ದಾರ ಮತ್ತ ಹಾಕೀನ್ರಿ ಅಮ್ಮಾರೆ. ತಪ್ಪಾತು."

ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. "ನೀನೇನು ಹಾಕದು, ಅದು ಇದ್ದೇ ಇತ್ತು," ಎಂದರು. ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟು, "ನಾಳೆ ಬಿಸಿಲು ಬಂದ್ರೆ ಕರಿ," ಎಂದರು.

ಅಂದಿನಿಂದ ಸರ ಹಾಕಿದ ಮೇಲೆ ದಾರವನ್ನು ತಾವೇ ಹೊರಗೆಳೆದು, ಮಣಿಗಳ ಮೇಲೆ ಸರಿಯಾಗಿ ಕಾಣುವಂತೆ ಇಟ್ಟುಕೊಂಡು ಕೂರುತ್ತಿದ್ದರು. ನಾನು ಹಾಗೇ ತೆಗೆಯುತ್ತಿದ್ದೆ. ಒಂದೆರಡು ಗಿರಾಕಿಗಳು ದೂರಿದರು, ಉಳಿದವರು ಕೊಂಡರು.

ಎರಡನೆಯದು ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ವಾರದ್ದು. ಹಬ್ಬದ ಆರ್ಡರ್‌ಗಳು ಮೈಮೇಲೆ ಬಿದ್ದಿದ್ದವು. ಮೂರು ದಿನ ಮೋಡ, ನಾಲ್ಕನೆಯ ದಿನ ಬಿಸಿಲು. ಇದ್ದಬದ್ದದ್ದನ್ನೆಲ್ಲ ಒಂದೇ ಬೆಳಿಗ್ಗೆ ತೆಗೆಯಬೇಕಿತ್ತು. ಓನರಮ್ಮ ಅವತ್ತು ಬೂದು ಬಣ್ಣದ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ತಲೆ ಒಪ್ಪವಾಗಿ ಬಾಚಿದ್ದರು. ಯಾಕೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ನಲವತ್ತು ಸರ ಹಾಕಿದೆ, ತೆಗೆದೆ. ಕೊನೆಯದು ಮುಗಿದಾಗ ಮೊಣಕೈ ನೀವಿಕೊಳ್ಳುತ್ತಾ ನಿಂತೆ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ.

ಅವರು ಎದ್ದು ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಸ್ವಲ್ಪ ನಾಚಿಕೊಂಡೇ ಹೇಳಿದರು: "ಇವತ್ತು ಮಾರಿದೂ ಒಂದು ತಗದುಬಿಡವ್ವ."

"ಓಣ್ಯಾಗೆ ಆಡ್ಕಂತಾರೆ ಅಂತಿದ್ರಿ?"

"ಆಡ್ಕಳ್ಳಿ ಬಿಡು. ಎಷ್ಟಂತ ಆಡ್ಕಂತಾರೆ? ನನ್ನ ಮಾರಿ ನೆಟ್ಟಗಿರಾದು ಒಂದೂ ಇಲ್ಲ."

ನಿಜವೇ. ಮದುವೆ ಮನೆಗಳಲ್ಲಿ ಫೋಟೋ ಎಂದರೆ ಅವರು ಯಾರದೋ ಬೆನ್ನ ಹಿಂದೆ ಸರಿಯುವವರು. ಮಗನ ಫೋನಿನಲ್ಲೂ ಸೆರಗು ಅಡ್ಡ. ಅಂಥವರು ತಾವಾಗಿ ಬಾಯಿಬಿಟ್ಟು ಕೇಳಿದ್ದರು. ಫೋನ್ ನನ್ನ ಕೈಯಲ್ಲೇ ಇತ್ತು. ಎತ್ತಿ ಒತ್ತಿದರೆ ಮುಗಿಯಿತು.

ನಾನು ಏನೆಂದೆ ಗೊತ್ತೇ? "ನಾಳೆ ಚಂದ ತಗಿತೀನ್ರಿ ಅಮ್ಮಾರೆ, ಇವತ್ತು ಕೈ ಸೋತಾವೆ."

"ಆಗ್ಲಿ. ನೀನು ಮೊದ್ಲು ಉಣ್ಣು ಹೋಗು," ಎಂದರು. ಸರಗಳನ್ನು ಒಂದೊಂದಾಗಿ ಡಬ್ಬಿಗಿಟ್ಟು ಕೊಟ್ಟು ಒಳಗೆ ಹೋದರು.

ಮರುದಿನ ಪಾರ್ಸೆಲ್ ಕಟ್ಟುವುದಿತ್ತು, ಅದರ ಮರುದಿನ ಕೊರಿಯರ್, ಆಮೇಲೆ ಹಬ್ಬ, ಆಮೇಲೆ ನನಗೆ ಜ್ವರ. ಅವರು ಮತ್ತೆ ಕೇಳಲಿಲ್ಲ. ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗುತ್ತಿತ್ತು, ನಾಳೆ ಎಂದುಕೊಳ್ಳುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಓನರಮ್ಮ ಹರಿಹರದ ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹೋದವರು ಅಲ್ಲಿಯೇ ತೀರಿಕೊಂಡರು. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲವಂತೆ. ನಾನು ಬಸ್ಸು ಹತ್ತಿ ಹೋದಾಗ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಮುಖದ ಅರ್ಧ ಹೂವಿನಲ್ಲಿ ಮುಚ್ಚಿತ್ತು. ಅವರ ಯಜಮಾನರನ್ನು ಮಣ್ಣು ಮಾಡಿದ ಹೊಲ ಅಲ್ಲಿಗೆ ಹತ್ತಿರವೇ ಇತ್ತು. ಅವರನ್ನೂ ಅಲ್ಲಿಗೇ ಒಯ್ದರು.

ಹೊಲದಿಂದ ಅವರ ಮಗಳ ಮನೆಗೆ ಮರಳಿದ ಮೇಲೆ ಆ ಮಗಳು ನನ್ನ ಹತ್ತಿರ ಬಂದಳು. ಶಾಲೆಯಲ್ಲಿದ್ದವಳೆಂದು ಅವರ ಮನೆಯವರಿಗೆಲ್ಲ ನಾನು ಅಕ್ಕೋರು.

"ಅಕ್ಕೋರೆ, ಅವ್ವನ ಫೋಟೋ ಭಾಳ ತಗದೀರಂತಲ್ಲ. ಒಂದು ಚಲೋದು ಕಳಿಸ್ರಿ. ಹನ್ನೊಂದನೇ ದಿನಕ್ಕೆ ದೊಡ್ಡದು ಮಾಡಿಸ್ತೀವಿ."

ಹೂಂ ಎಂದೆ. ಮನೆಗೆ ಬಂದು ಹುಡುಕಿದೆ. ಹಳೆಯ ಫೋನು, ಹೊಸ ಫೋನು, ಆರು ವರ್ಷದ್ದು ಎಲ್ಲವನ್ನೂ ನೋಡಿದೆ. ಕುತ್ತಿಗೆ, ಕಿವಿ, ಮಣಿಕಟ್ಟು, ಮತ್ತೆ ಕುತ್ತಿಗೆ. ಕೆಲವುಗಳಲ್ಲಿ ಕೆಳತುಟಿ ಇತ್ತು. ಒಂದರಲ್ಲಿ ನಗುತ್ತಿದ್ದರು, ಅದೂ ಮೂಗಿನ ಕೆಳಗೆ ಕತ್ತರಿಸಿತ್ತು. ಎರಡು ದಿನ ಹುಡುಕಿ, ಮಗಳಿಗೆ ಫೋನ್ ಮಾಡಿ ಮುಖ ಇರುವುದು ಒಂದೂ ಇಲ್ಲ ಎಂದೆ. ಅವಳು ಕೋಪಿಸಿಕೊಳ್ಳಲಿಲ್ಲ. "ಅವ್ವ ಹಂಗೇ ಅಲ್ರಿ, ಯಾರಿಗೂ ಮಾರಿ ಕೊಡ್ತಿರಲಿಲ್ಲ," ಎಂದಳು. ಕೇಳಿದ್ದರು, ನಾನೇ ತೆಗೆಯಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಹನ್ನೊಂದನೆಯ ದಿನ ಹರಿಹರಕ್ಕೆ ಹೋದೆ. ಆಧಾರ್ ಕಾರ್ಡಿನಲ್ಲಿದ್ದುದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಹಿಗ್ಗಿಸಿದ್ದಕ್ಕೆ ಎಲ್ಲ ಮಂಜಾಗಿತ್ತು. ಕಣ್ಣು ಅಗಲವಾಗಿ, ಯಾರೋ ಗದರಿಸಿ ಕೂರಿಸಿದ ಹಾಗೆ. ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಹೂ ಹಾಕಿ ಕೈ ಮುಗಿಯುತ್ತಿದ್ದರು. ನಾನು ಕೈ ಮುಗಿದು ಅಲ್ಲೇ ನಿಂತೆ.

ಮಗಳು ಪಕ್ಕಕ್ಕೆ ಬಂದಳು. "ಮಸುಕು ಮಸುಕಾಗೈತೆ. ನೀವು ದಿನಾ ನೋಡಿದೋರು, ಹೇಳ್ರಿ ಅಕ್ಕೋರೆ, ಅವ್ವನ ಹಂಗೆ ಕಾಣ್ತೈತಾ?"

ನಾನು ಆ ಮುಖವನ್ನು ನೋಡಿದೆ. ಅವರ ಮುಖವನ್ನು ನೆನಪಿಗೆ ತಂದುಕೊಂಡು ಹೋಲಿಸಿ ನೋಡಬೇಕೆಂದು ಕಣ್ಣು ಮುಚ್ಚಿದೆ. ಮೂರು ಗೆರೆ ಬಂದವು, ಮಚ್ಚೆ ಬಂತು, ದಾರ ಬಂತು. ಅದರ ಮೇಲಕ್ಕೆ ಏನೂ ಬರಲಿಲ್ಲ.

"ಹೂನವ್ವ," ಎಂದೆ, "ಅವರ ಹಂಗೇ ಐತೆ."