ನಾಲ್ಕು ರಸ್ತೆಗೆ ಒಂದು ನಿಂಬೆಹಣ್ಣು

ಇವತ್ತು ಬೆಳಿಗ್ಗೆ ತರಕಾರಿ ಗಾಡಿಯವರು ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ನನ್ನ ಕೈಗಿಟ್ಟು, "ಹೊಸ ಸ್ಕೂಟರ್ ತಗೊಂಡ್ರಾ ಮೇಡಂ?" ಎಂದರು. "ಇಲ್ಲ, ರಸ್ತೆಗೆ" ಎಂದೆ. ಅವರು ಭಕ್ತಿಯಿಂದ ಕೈಮುಗಿದು ಗಾಡಿ ತಳ್ಳಿಕೊಂಡು ಹೋದರು.

ನೀವೂ ಅವರ ಹಾಗೆ ಸುಮ್ಮನೆ ನನ್ನನ್ನು ಭಕ್ತೆ ಎಂದುಕೊಂಡುಬಿಡಬೇಡಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಜಾತಕ, ವಾಸ್ತು ಮೂರನ್ನೂ ಸೋಲಿಸಿದವಳು ನಾನು. ಶೋಕೇಸಿನಲ್ಲಿರುವ ಕಪ್‌ಗಳೇ ಸಾಕ್ಷಿ. ಅವುಗಳಲ್ಲಿ ಅಮ್ಮ ಸೇಫ್ಟಿ ಪಿನ್ನು, ಹಳೇ ಗುಂಡಿ ತುಂಬಿಸಿಟ್ಟಿದ್ದಾಳೆ ಎಂಬುದು ಬೇರೆ ಮಾತು.

ಸಹಕಾರನಗರದ ನಮ್ಮ ಮನೆ ಹತ್ತಿರ ನಾಲ್ಕು ರಸ್ತೆ ಕೂಡುತ್ತವೆ. ಎಂಥ ನಿಶ್ಶಬ್ದದ ಜಾಗವೆಂದರೆ ಮಧ್ಯಾಹ್ನ ನಾಯಿಗಳು ನಟ್ಟನಡುವೆ ಮಲಗುತ್ತವೆ. ನಿಶ್ಶಬ್ದವಾಗಿರುವುದಕ್ಕೇ ಬೈಕುಗಳು ಅಲ್ಲಿ ಜೋರಾಗಿ ಬರುತ್ತವೆ. ಎದುರುಮನೆಯ ಶಾಂತಾ ಟೀಚರ್ ಗದಗಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ಬಂದವರು. ಒಂದು ದಿನ ಸ್ಕೂಟರ್ ಒಂದು ಅವರನ್ನು ಸವರಿಕೊಂಡು ಹೋಯಿತು. ಏಟು ಬಿದ್ದದ್ದು ಹಾಲಿನ ಪ್ಯಾಕೆಟ್ಟಿಗೆ ಮಾತ್ರ. ಆದರೆ ಅವರ ಮಗ, ಆ ಮೂಲೆಗೆ ಸ್ಟಾಪ್ ಬೋರ್ಡ್ ಬರುವ ತನಕ ಒಬ್ಬರೇ ಪಾರ್ಕಿಗೆ ಹೋಗಕೂಡದು ಎಂದು ಆಜ್ಞೆ ಮಾಡಿದರು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಈಗ ತಾವೇ ಗೇಟಿನೊಳಗೆ ನಿಂತರು.

ಬೋರ್ಡಿನ ವಿಷಯ ನಿವಾಸಿಗಳ ಸಂಘದ ಭಾನುವಾರದ ಸಭೆಗೆ ಬಂತು. ನಾನು ಹೋದದ್ದು ಕಾಫಿಗೆ, ಎದ್ದು ನಿಂತದ್ದು ಚಟಕ್ಕೆ. "ಸಿಗ್ನಲ್‌ಗೇ ನಿಲ್ಲದವರು ಬೋರ್ಡ್‌ಗೆ ನಿಲ್ತಾರಾ? ಅವರು ನಿಲ್ಲಲ್ಲ. ಆದ್ರೆ ಬೋರ್ಡ್ ಇದೆ ಅಂತ ನಂಬಿ ನಾವು ರಸ್ತೆಗೆ ಇಳೀತೀವಿ. ಇದು ತಗಡಿನ ತಾಯಿತ ಅಷ್ಟೇ!" ಚಪ್ಪಾಳೆ ಬಿತ್ತು. "ಹುಡುಗಿ ಕರೆಕ್ಟಾಗ್ ಹೇಳ್ತು ಕಣ್ರೀ" ಎಂದು ಅಧ್ಯಕ್ಷ ಸೀನಪ್ಪ ಅಂಕಲ್ ಬೋರ್ಡ್ ಕೇಳಿ ಪಾಲಿಕೆಗೆ ಬರೆದಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು.

ಟೀಚರ್ ನನ್ನ ಹತ್ತಿರ ಬಂದರು. "ಛಲೋ ಮಾತಾಡಿದಿ ನೋಡವಾ. ನಾಳೆ ಆರೂವರಿಗೆ ಬಂದು ನನ್ನ ದಾಟಸು."

"ನಾನಾ?"

"ಮತ್ತ? ಬೋರ್ಡ್ ಬ್ಯಾಡ ಅಂದಾಕಿ ಯಾರು?"

ಬೆಳಗಿನ ಆರೂವರೆ ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದೇ ಆಗ. ದಿನವೂ ಅವರ ಕೈ ಹಿಡಿದು ದಾಟಿಸುತ್ತಿದ್ದೆ. ಅವರು ದಾಟುತ್ತಲೇ ನನ್ನಿಂದ ಹದಿನೇಳರ ಮಗ್ಗಿ ಹೇಳಿಸುತ್ತಿದ್ದರು. ನಾನು ಯಾವಾಗಲೂ ಎಂಟರ ಹತ್ತಿರ ಮುಗ್ಗರಿಸುತ್ತಿದ್ದೆ. ಎಡಕ್ಕೆ ನೋಡಲೋ, ಬಲಕ್ಕೆ ನೋಡಲೋ, ಗುಣಿಸಲೋ?

ಅಮಾವಾಸ್ಯೆಯ ಮರುದಿನ ಹೋದರೆ ರಸ್ತೆ ಕೂಡುವ ಜಾಗದ ನಡುವೆ ಯಾರೋ ದೃಷ್ಟಿ ತೆಗೆದು ಒಡೆದ ಬೂದುಗುಂಬಳ, ಕುಂಕುಮ ಮೆತ್ತಿದ ಎರಡು ಹೋಳು ನಿಂಬೆಹಣ್ಣು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಬೈಕಿನಲ್ಲಿ ಹಾರಿಕೊಂಡು ಬಂದ. ಕಂಡದ್ದೇ ಕಿರ್ರನೆ ಬ್ರೇಕ್! ಒಂದು ಕಾಲು ನೆಲಕ್ಕೂರಿ, ಸಪ್ತಪದಿ ತುಳಿಯುವ ಮದುಮಗನ ಹಾಗೆ ಅದನ್ನು ಸುತ್ತಿಕೊಂಡು ಹೋದ. ಕಾರು ನಿಂತಿತು. ಟೆಂಪೊ ನಿಂತಿತು. ಜನ್ಮದಲ್ಲಿ ಯಾರಿಗೂ ದಾರಿ ಬಿಡದ ವಾಟರ್ ಟ್ಯಾಂಕರ್ ಕೂಡ ನಿಂತು, ಯೋಚಿಸಿ, ಪಕ್ಕಕ್ಕೆ ಸರಿಯಿತು.

ಟೀಚರ್ ನನ್ನ ಕೈ ಬಿಟ್ಟರು. ಒಬ್ಬರೇ ದಾಟಿದರು. ಆ ಕಡೆ ನಿಂತು ಕೂಗಿದರು: "ತಗಡಿಗೆ ನಿಲ್ಲದ ಮಂದಿ ನಿಂಬಿಕಾಯಿಗೆ ನಿಂತ್ರಲ್ಲವಾ!"

ನಾನು ಸೋತದ್ದು ಆವಾಗ. ಜನ ನಿಲ್ಲುವುದೇ ಇಲ್ಲ ಎಂಬುದರ ಮೇಲೆ ನನ್ನ ವಾದವೆಲ್ಲ ನಿಂತಿತ್ತು. ಬ್ರೇಕು ಎಲ್ಲರ ಗಾಡಿಯಲ್ಲೂ ಇತ್ತು, ಒತ್ತಲು ಒಂದು ನೆಪ ಬೇಕಿತ್ತು. ಅಮಾವಾಸ್ಯೆ ಬರುವುದು ತಿಂಗಳಿಗೊಂದು, ಟೀಚರ್‌ಗೆ ಪಾರ್ಕು ದಿನಾ ಬೇಕು. ಮುಂದಿನ ಸಭೆಯಲ್ಲಿ ಬೋರ್ಡಿನ ಪರವಾಗಿ ಎದ್ದು ನಿಂತೆ.

"ಏನಮ್ಮಾ, ಹೋದ್ಸಲ ನೀನೇ ಬೇಡ ಅಂದಿದ್ದಲ್ಲಾ?" ಎಂದರು ಸೀನಪ್ಪ ಅಂಕಲ್.

"ಹೋದ್ಸಲ ಕಾಫಿ ಕುಡಿಯೋಕ್ ಬಂದಿದ್ದೆ ಅಂಕಲ್. ಈಗ ದಿನಾ ದಾಟಿಸ್ತಿದೀನಿ."

ಅರ್ಜಿ ಜೇಬಿನಿಂದ ಹೊರಬಂತು, ಅದನ್ನು ಹಿಡಿದು ಪಾಲಿಕೆ ಕಚೇರಿಗೆ ಅಲೆದದ್ದು ನಾನೇ. ಕೊನೆಗೂ ನಾಲ್ಕು ಕಡೆ ಕೆಂಪು ಬೋರ್ಡುಗಳು ನಿಂತವು. ಅವತ್ತೇ ಟೀಚರ್ ಒಂದರ ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿಸಿದರು. ಅಷ್ಟೆತ್ತರಕ್ಕೆ ಕೈ ಎಟುಕುವವಳು ನಾನು, ಕಟ್ಟಿದವಳೂ ನಾನೇ.

ಈಗ ಗಾಡಿಗಳು ನಿಧಾನಿಸುತ್ತವೆ. ಎಲ್ಲವೂ ಅಲ್ಲ, ಬಹಳಷ್ಟು. ಬೋರ್ಡಿಗೋ ನಿಂಬೆಗೋ? ತಿಳಿಯುವ ದಾರಿ ನನಗೆ ಚೆನ್ನಾಗಿ ಗೊತ್ತು: ಒಂದು ವಾರ ಸರ ಬಿಚ್ಚಿಟ್ಟು ನೋಡಬೇಕು. ಆದರೆ ಆ ವಾರವೂ ಟೀಚರ್ ದಾಟುತ್ತಾರೆ.

ಒಣಗಿದ ಸರ ಬಿಚ್ಚಿ ಇವತ್ತು ಹೊಸದು ಕಟ್ಟಿದೆ. ಬೆರಳಿಗೆ ಖಾರ, ಹುಳಿ ಎರಡೂ ಹತ್ತಿತ್ತು. ಟೀಚರ್ ನನ್ನ ಕಡೆ ನೋಡದೆ ರಸ್ತೆಗಿಳಿದರು. ಬಂದ ಕಾರು ನಿಂತಿತು. ಅವರು ಅರ್ಧ ದಾರಿಯಲ್ಲೇ ಕೂಗಿದರು: "ಹದಿನೇಳ ಎಂಟ್ಲೆ?"

"ಮೊದ್ಲು ದಾಟಿ ಟೀಚರ್," ಎಂದೆ, "ಆಮೇಲೆ ಹೇಳ್ತೀನಿ."