ಆಪರೇಟರ್ ಬೇಡದ ಮಷೀನು

ನಮ್ಮ ಭಾವ ಸೀಡಿ ಹೊರುವ ಕೆಲಸ ಮಾಡುತ್ತಿದ್ದರು ಎಂದರೆ ಜನ ಇವತ್ತಿಗೂ ನಗುತ್ತಾರೆ. ನಗಲಿ. ಆ ಸೀಡಿಗಳಿಂದಲೇ ಭದ್ರಾವತಿಯ ಜನ್ನಾಪುರದಲ್ಲಿ ನನ್ನ ಅಕ್ಕನ ಮನೆಯ ಒಲೆ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಶಿವಮೊಗ್ಗದಲ್ಲಿ ಔಷಧಿ ಅಂಗಡಿಗಳ ಒಂದು ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಕಂಪನಿ ಅನ್ನುವುದು ದೊಡ್ಡ ಮಾತು. ಅಪ್ಪ ಗಾಂಧಿ ಬಜಾರಿನಲ್ಲಿ ಇಟ್ಟ ಒಂದು ಮೆಡಿಕಲ್ ಶಾಪು ಮಗನ ಕಾಲಕ್ಕೆ ಹತ್ತು ಹನ್ನೆರಡಾಗಿತ್ತು, ಅರ್ಧ ಶಿವಮೊಗ್ಗದಲ್ಲಿ, ಅರ್ಧ ಭದ್ರಾವತಿಯಲ್ಲಿ. ಆ ಹಳೇ ಅಂಗಡಿಯ ಮಹಡಿಯೇ ನಮ್ಮ ಆಫೀಸು. ಪ್ರತಿ ಅಂಗಡಿಯಲ್ಲೂ ಬಿಲ್ಲು ಹಾಕಲು ಕಂಪ್ಯೂಟರ್ ಇತ್ತು. ಕಾಸು ಕೊಡದೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಆ ಮಗ, ಅಂದರೆ ನಮ್ಮ ಯಜಮಾನರು, ಎಲ್ಲದಕ್ಕೂ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಸಿದ್ದರು. "ಎಲ್ಲಾ ಫ್ರೀ ಅಂತೀಯಲ್ಲಮ್ಮ, ಮತ್ತೆ ನಿಂಗ್ಯಾಕೆ ಸಂಬಳ?" ಎಂದು ನನ್ನ ಮುಖಕ್ಕೇ ಕೇಳಿದ ಪುಣ್ಯಾತ್ಮರು ಅವರು.

ಸಂಬಳ ಯಾಕೆಂದರೆ, ಸಾಫ್ಟ್‌ವೇರ್ ಎಷ್ಟೇ ಗಟ್ಟಿಯಾಗಿ ಹೊಲಿದಿದ್ದರೂ ಬಳಸುತ್ತ ಬಳಸುತ್ತ ತೂತುಗಳು ಕಾಣಿಸುತ್ತವೆ. ಬರೆದವರೇ ಆ ತೂತಿಗೆ ತೇಪೆ ಮಾಡಿ ಇಂಟರ್ನೆಟ್ಟಿನಲ್ಲಿ ಬಿಡುತ್ತಾರೆ. ಅದೇ ಪ್ಯಾಚು. ಹಾಕದಿದ್ದರೆ ಎಲ್ಲಿಯವನೋ ಒಬ್ಬ ಕಳ್ಳ ಒಳಗೆ ನುಗ್ಗುತ್ತಾನೆ, ಇಲ್ಲವೇ ಜ್ವರದ ಮಗುವನ್ನು ಎತ್ತಿಕೊಂಡ ತಾಯಿ ಎದುರಿಗೆ ನಿಂತಿರುವಾಗಲೇ ಬಿಲ್ಲು ಅರ್ಧಕ್ಕೆ ನಿಂತುಬಿಡುತ್ತದೆ. ಆಗ ನಮ್ಮಲ್ಲಿದ್ದದ್ದು ಫೋನ್ ಲೈನಿನ ಬಡಕಲು ಇಂಟರ್ನೆಟ್ಟು. ನಾನು ಆಫೀಸಿನಲ್ಲಿ ದಿನಗಟ್ಟಲೆ ಕೂತು ಪ್ಯಾಚ್ ಇಳಿಸಿಕೊಂಡು ಸೀಡಿಗೆ ತುಂಬುತ್ತಿದ್ದೆ. ಭಾವ ಅವನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಅಂಗಡಿ ಅಂಗಡಿಗೆ ಹೋಗಿ, ನಾನು ಕಲಿಸಿದ ನಾಲ್ಕು ಸಾಲು ಟೈಪ್ ಮಾಡಿ, ಮುಗಿಯುವ ತನಕ ಪರದೆ ನೋಡುತ್ತ ಕೂತು ಬರುತ್ತಿದ್ದರು.

ಅದಕ್ಕೂ ಮೊದಲು ಅವರು ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯಲ್ಲಿ ಮಷೀನ್ ಆಪರೇಟರ್ ಆಗಿದ್ದರು. ಕರಗಿದ ಕಬ್ಬಿಣ ಹೊಯ್ಯಲು ಮರಳಿನ ಅಚ್ಚು ಒತ್ತುವ ಮಷೀನು. ಆರ್ಡರ್ ಕಮ್ಮಿಯಾಗುತ್ತ ಆಗುತ್ತ ಒಂದು ದಿನ ಫೌಂಡ್ರಿಯ ಗೇಟು ತೆರೆಯಲೇ ಇಲ್ಲ. ಕಾದ ಕಬ್ಬಿಣದ ಮುಂದೆ ನಿಂತು ಅರ್ಧ ಆಯಸ್ಸು ಕಳೆದ ಮನುಷ್ಯನಿಗೆ ಆ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಮನೆಯಲ್ಲಿ ಕೂತು ಕೂತು ಅವರ ಮಾತೇ ನಿಂತುಹೋಗಿತ್ತು. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಅಕ್ಕ ನನ್ನ ಹತ್ತಿರ ಬಂದು ಅತ್ತಳು. ನಾನು ಯಜಮಾನರ ಕಾಲು ಹಿಡಿಯುವುದೊಂದು ಬಾಕಿ. ಅಂತೂ ಸೀಡಿ ಹೊರುವ ಕೆಲಸ ಸಿಕ್ಕಿತು. ಒಂದೇ ತಿಂಗಳಲ್ಲಿ ಭಾವ ಮತ್ತೆ ಮನುಷ್ಯರಾದರು. ಜನ್ನಾಪುರದ ಅಂಗಡಿಯವನ ಜೊತೆ ತಮಿಳಿನಲ್ಲಿ ಹರಟುವುದೇನು, ಶಿವಮೊಗ್ಗದ ಅಂಗಡಿಯ ಹುಡುಗಿಯರಿಗೆ ಗಂಡು ಹುಡುಕುವುದೇನು! ಅವರು ಬಾರದಿದ್ದರೆ "ಸೀಡಿ ಅಂಕಲ್ ಎಲ್ಲಿ ಮೇಡಂ?" ಎಂದು ನನಗೆ ಫೋನ್ ಬರುತ್ತಿತ್ತು.

ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ಅದರ ಹಿಂದೆಯೇ ಯಜಮಾನರಿಗೆ ಬುದ್ಧಿಯೂ ಬಂತು. ಯಾವುದೋ ಹೋಲ್‌ಸೇಲ್ ವ್ಯಾಪಾರಿ ಕಿವಿಯೂದಿದ್ದ.

"ಇಲ್ಲೇ ಕೂತು ಎಲ್ಲಾ ಅಂಗಡಿ ಕಂಪ್ಯೂಟರಿಗೂ ಪ್ಯಾಚ್ ಹಾಕ್ಬಹುದಂತಲ್ಲಮ್ಮ? ತಾನಾಗೇ ಹಾಕ್ಕೊಳ್ಳುತ್ತಂತೆ?"

"ಆಗುತ್ತೆ ಸಾರ್."

"ಮತ್ತೆ ಮಾಡು. ನಿಮ್ಮ ಭಾವಂದು ಆಮೇಲೆ ನೋಡೋಣ."

ಬಜಾರಿನಲ್ಲಿ "ಆಮೇಲೆ ನೋಡೋಣ" ಅಂದರೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ಅದೇ ಸಂಜೆ ಭದ್ರಾವತಿಯ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಮುಚ್ಚುಮರೆ ನನ್ನ ಜಾಯಮಾನದಲ್ಲೇ ಇಲ್ಲ. ಭಾವನ ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಹೊಸ ವ್ಯವಸ್ಥೆ ಓಡತೊಡಗಿದರೆ ಸೀಡಿ ಬೇಡ, ಸೀಡಿ ಬೇಡವಾದರೆ ನೀವೂ ಬೇಡ ಅನ್ನುತ್ತಾರೆ, ಈಗಿನಿಂದಲೇ ಬೇರೆ ಕೆಲಸ ಹುಡುಕಿ ಎಂದೆ.

ಭಾವ ನಕ್ಕರು. "ಅಲ್ಲ ಮಾರಾಯ್ತಿ, ಹೊಸ ಮಷೀನ್ ಬರ್ತಿದೆ ಅಂತ ಹೇಳು. ಅದಕ್ಕೆ ಆಪರೇಟರ್ ಯಾರು?"

"ಯಾರೂ ಇಲ್ಲ ಭಾವ. ಅದಕ್ಕೆ ಆಪರೇಟರೇ ಬೇಡ."

"ಆಪರೇಟರ್ ಬೇಡದ ಮಷೀನ್ ಯಾವ ಊರಲ್ಲಿದೆ? ನೀನಿನ್ನೂ ಚಿಕ್ಕವಳು, ಸುಮ್ನಿರು."

ಅವರ ಫೌಂಡ್ರಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಮಷೀನ್ ಬಂದಾಗ ಅದನ್ನು ಕೂರಿಸಲು ಯಾರು ಮೈ ಬಗ್ಗಿಸಿ ದುಡಿಯುತ್ತಾನೋ, ಮೊದಲ ಸಲ ಓಡುವಾಗ ಯಾರು ಪಕ್ಕದಲ್ಲಿ ನಿಂತಿರುತ್ತಾನೋ, ಆ ಮಷೀನು ಅವನದು. ರಿಟೈರ್ ಆಗುವ ತನಕ ಅವನದೇ. ಮ್ಯಾನೇಜರ್ ಕೂಡ ಅವನನ್ನು ಅಲ್ಲಿಂದ ಎಬ್ಬಿಸುವಂತಿರಲಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರೂ ನಡೆಸಿಕೊಂಡು ಬಂದದ್ದು. ಭಾವನಿಗೆ ಅಚ್ಚೊತ್ತುವ ಮಷೀನ್ ಸಿಕ್ಕಿದ್ದೂ ಹಾಗೆಯೇ. ಈ ಹೊಸದನ್ನೂ ಕೂರಿಸಿಕೊಟ್ಟರೆ ತಮಗೇ ಬರುತ್ತದೆ ಎಂದು ಅವರು ನಂಬಿದರು. ನಾನು ಎಷ್ಟು ಬಡಕೊಂಡರೂ ಆ ನಂಬಿಕೆ ಅಲುಗಲಿಲ್ಲ.

ಅಕ್ಕನಿಗೆ ಮಾತ್ರ ಎಲ್ಲಾ ಅರ್ಥವಾಗಿತ್ತು. ಬಸ್‌ಸ್ಟಾಪಿನ ತನಕ ಜೊತೆಗೆ ಬಂದವಳು ನನ್ನ ಕೈ ಹಿಡಿದುಕೊಂಡು, "ಬರಲ್ಲ ಅನ್ನೇ. ನಂಗೆ ಅದೆಲ್ಲಾ ಮಾಡಕ್ಕೆ ಬರಲ್ಲ ಅಂತ ಹೇಳಿಬಿಡೇ" ಅಂದಳು.

"ನಾನು ಬರಲ್ಲ ಅಂದ್ರೆ ನಾಳೆನೇ ಬೇರೆಯವರನ್ನ ಕರೀತಾರೆ ಅಕ್ಕ. ಆಗ ಇಬ್ಬರೂ ಮನೇಲಿ ಕೂರ್ಬೇಕು."

"ಅವ್ರು ಮತ್ತೆ ಮೂಲೆ ಹಿಡಿದ್ರೆ ನಾನು ತಡ್ಕೊಳಲ್ಲ ಕಣೇ" ಎಂದಳು. ಬಸ್ಸು ಬಂತು, ಹತ್ತಿದೆ.

ಕೆಲಸ ಶುರು ಮಾಡಿದೆವು. ಆಫೀಸಿನಲ್ಲಿ ಒಂದು ಸರ್ವರ್ ಇಟ್ಟು, ಪ್ಯಾಚುಗಳೆಲ್ಲ ಮೊದಲು ಅದಕ್ಕೆ ಬಂದು ಬೀಳುವ ಹಾಗೆ ಮಾಡಿದೆ. ಒಂದು ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಬಿಲ್ಲು ಸರಿಯಾಗಿ ಬಂದರೆ ನಾನು ಒಪ್ಪಿಗೆ ಕೊಡುವುದು. ಆಮೇಲೆ ಅಂಗಡಿಗಳು ಬಾಗಿಲು ಹಾಕಿದ ಹೊತ್ತಿನಲ್ಲಿ ಒಂದೊಂದು ಕಂಪ್ಯೂಟರೂ ತಾನಾಗಿ ಸರ್ವರನ್ನು ಕೇಳಿ ಪ್ಯಾಚ್ ತೆಗೆದುಕೊಂಡು ಹಾಕಿಕೊಳ್ಳಬೇಕು, ಹಾಕಿಕೊಂಡೆ ಎಂದು ಬೆಳಿಗ್ಗೆ ನನಗೆ ವರದಿ ಕಳಿಸಬೇಕು. ಇಷ್ಟೇ. ಹೇಳುವಾಗ ಎಷ್ಟು ಸಲೀಸು!

ಬೆಳಿಗ್ಗೆ ಬಂದು ನೋಡಿದರೆ ಒಂದು ಅಂಗಡಿಯಿಂದಲೂ ವರದಿ ಇಲ್ಲ. ಮರುದಿನವೂ ಇಲ್ಲ. ನಾನು ಬರೆದದ್ದರಲ್ಲೇ ತಪ್ಪು ಹುಡುಕಿ ಹುಡುಕಿ ತಲೆ ಕೆಟ್ಟಿತು. ಕೊನೆಗೆ ಕೆಳಗಿನ ಅಂಗಡಿ ಮುಚ್ಚುವುದನ್ನು ನೋಡಿದಾಗ ಗೊತ್ತಾಯಿತು. ಮ್ಯಾನೇಜರು ದೇವರಿಗೆ ಕೈ ಮುಗಿದರು, ಕ್ಯಾಶ್ ಡ್ರಾಯರಿಗೆ ಬೀಗ ಹಾಕಿದರು, ಆಮೇಲೆ ಮೇನ್ ಸ್ವಿಚ್ಚನ್ನೇ ಇಳಿಸಿ ಶಟರ್ ಎಳೆದರು. ಬಜಾರಿನವರಿಗೆ ಬೆಂಕಿಯೆಂದರೆ ಅಷ್ಟು ಭಯ. ಮೇನ್ ಆಫ್ ಮಾಡದೆ ಮನೆಗೆ ಹೋದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಔಷಧಿ ಕೆಡದಂತೆ ಇಡುವ ಫ್ರಿಜ್ಜಿಗೆ ಮಾತ್ರ ಬೇರೆ ಲೈನು. ನನ್ನ ಕಂಪ್ಯೂಟರುಗಳು ಕತ್ತಲಲ್ಲಿ ಸತ್ತು ಬಿದ್ದಿರುತ್ತಿದ್ದವು.

ಹಾಗಾದರೆ ಬೆಳಿಗ್ಗೆ ಕಂಪ್ಯೂಟರ್ ಆನ್ ಆದಾಗಲೇ ಹಾಕಿಕೊಳ್ಳಲಿ ಎಂದು ಬದಲಾಯಿಸಿದೆ. ಅದಿನ್ನೂ ಘನಂದಾರಿ ಕೆಲಸವಾಯಿತು. ಎಲ್ಲಾ ಅಂಗಡಿಗಳೂ ಒಂದೇ ಹೊತ್ತಿಗೆ ಬಾಗಿಲು ತೆಗೆದು, ಎಲ್ಲಾ ಕಂಪ್ಯೂಟರುಗಳೂ ಒಂದೇ ಸಲ ಸರ್ವರಿನ ಮೇಲೆ ಮುಗಿಬಿದ್ದವು. ಬಿಲ್ಲು ನಿಂತಿತು. ಕೌಂಟರಿನ ಮುಂದೆ ಜನ ಬೈಯತೊಡಗಿದರು. ಯಜಮಾನರು ಮೆಟ್ಟಿಲು ಹತ್ತಿ ಬಂದು ಆಫೀಸಿನವರೆಲ್ಲರ ಎದುರಿಗೆ ನನ್ನ ಮರ್ಯಾದೆ ತೆಗೆದರು. ನಿಜ ಹೇಳುತ್ತೇನೆ, ಬೈಸಿಕೊಳ್ಳುವಾಗಲೂ ಒಳಗೊಳಗೇ ನನಗೆ ಸಮಾಧಾನ. ಇದು ಆಗುವುದಿಲ್ಲ ಅಂತಾದರೆ ಸಾಕು, ಭಾವ ಬಸ್ಸಿನಲ್ಲಿ ಓಡಾಡಿಕೊಂಡಿರುತ್ತಾರೆ.

ಆದರೆ ಭಾವ ಬಿಡಬೇಕಲ್ಲ!

"ಮೇನ್ ಆಫ್ ಮಾಡ್ಬಾರದು, ಅಷ್ಟೇ ತಾನೆ? ನಾನು ಹೇಳ್ತೀನಿ ಬಿಡು" ಎಂದರು.

"ಬೇಡ ಭಾವ. ಅವರು ಕೇಳಲ್ಲ."

"ನೀನು ಹೇಳಿದ್ರೆ ಕೇಳಲ್ಲ. ನಾನು ಹೇಳಿದ್ರೆ ಕೇಳ್ತಾರೆ."

ಒಂದೊಂದೇ ಅಂಗಡಿಗೆ ಹೋದರು. ಕೂತು ಚಹಾ ಕುಡಿದರು, ಮನೆಮಂದಿಯ ಯೋಗಕ್ಷೇಮ ವಿಚಾರಿಸಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಎಲೆಕ್ಟ್ರಿಷಿಯನ್ನನ್ನು ಕರೆತಂದು ಫ್ರಿಜ್ಜಿನ ಲೈನಿನಿಂದಲೇ ಕಂಪ್ಯೂಟರಿಗೂ ಕರೆಂಟ್ ಕೊಡಿಸಿದರು. ಜನ್ನಾಪುರದವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ರಾತ್ರಿಯೆಲ್ಲಾ ಕಂಪ್ಯೂಟರ್ ಉರಿಯುತ್ತಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದ. "ಏನಾದ್ರೂ ಆದ್ರೆ ನನ್ನ ಕೇಳಪ್ಪ. ಇದು ನನ್ನ ಮಷೀನು, ನಾನು ಜವಾಬ್ದಾರಿ" ಎಂದು ಭಾವ ಮಾತು ಕೊಟ್ಟರು. ಅವನು ಸೋತ. ಅದನ್ನು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು, ಗೆದ್ದ ಖುಷಿ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂಬ ಮಾತು ಕೇಳಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು.

"ಭಾವ, ಇನ್ನೊಂದ್ಸಲ ಹೇಳ್ತೀನಿ. ಇದು ಸರಿಹೋದ್ರೆ ನಿಮ್ಮ ಕೆಲಸ ಹೋಗುತ್ತೆ."

"ಮಷೀನ್ ಕೂರ್ಸಿದವನನ್ನ ಯಾರಾದ್ರೂ ತೆಗೀತಾರಾ? ಯಜಮಾನ್ರು ವ್ಯಾಪಾರಸ್ಥರು ನಿಜ, ಆದ್ರೆ ನ್ಯಾಯಸ್ಥರು."

ಪ್ಯಾಚ್ ಹಾಕಿಕೊಳ್ಳುವ ಹೊತ್ತನ್ನು ನಾನು ಮತ್ತೆ ರಾತ್ರಿಗೇ ಬದಲಾಯಿಸಿದೆ. ಮುಂದಿನ ವಾರದ ಒಂದು ಬೆಳಿಗ್ಗೆ ಎಲ್ಲಾ ಅಂಗಡಿಗಳಿಂದಲೂ ವರದಿ ಬಂದಿತ್ತು. ಒಂದೂ ತಪ್ಪಿರಲಿಲ್ಲ. ಭಾವ ನನ್ನ ಹಿಂದೆ ನಿಂತು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಂಗಡಿಯ ಹೆಸರು ಓದಿದರು. ಕೆಳಗೆ ಹೋಗಿ ಸೇವಂತಿಗೆ ಹೂವು, ನಿಂಬೆಹಣ್ಣು ತಂದು ಸರ್ವರಿಗೆ ಪೂಜೆ ಮಾಡಿದರು. ಆಫೀಸಿನವರಿಗೆಲ್ಲಾ ಜಿಲೇಬಿ ಹಂಚಿದರು. ಯಜಮಾನರೂ ಒಂದು ತಿಂದು, ಕೈ ಒರೆಸಿಕೊಳ್ಳುತ್ತ, "ಭೇಷ್" ಎಂದರು.

ಅವತ್ತಿನಿಂದ ಭಾವ ಸೀಡಿಯ ಬ್ಯಾಗು ಬಿಟ್ಟು ನೇರ ಆಫೀಸಿಗೆ ಬರತೊಡಗಿದರು. ಸರ್ವರಿನ ಪಕ್ಕಕ್ಕೆ ಒಂದು ಸ್ಟೂಲ್ ಹಾಕಿಕೊಂಡು ಸಂಜೆಯವರೆಗೂ ಅಲ್ಲೇ. ಧೂಳು ಒರೆಸುವುದು, ದೀಪ ಮಿನುಗುತ್ತಿದೆಯೇ ಎಂದು ನೋಡುವುದು. ಅಂಗಡಿಗಳಿಗೆ ಫೋನ್ ಮಾಡಿ "ಮಷೀನ್ ಹೆಂಗಿದೆ? ಬಿಲ್ಲು ಬರ್ತಿದೆಯಾ?" ಎಂದು ವಿಚಾರಿಸುವುದು. ಭಾವನಿಗೆ ಮಾಡಲು ಬೇರೇನಿರಲಿಲ್ಲ. ಆಫೀಸಿನವರು ಬೆನ್ನ ಹಿಂದೆ ನಗುತ್ತಿದ್ದರು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತಿತ್ತು ನನಗೆ. ಬಾರಿಸಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು, ಅಷ್ಟೇ.

ಆ ತಿಂಗಳ ಕೊನೆಗೆ ಯಜಮಾನರು ಭಾವನನ್ನು ಕರೆದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ನಾಲ್ಕು ಒಳ್ಳೆಯ ಮಾತಾಡಿ, ಕಾಫಿ ಕೊಡಿಸಿ, ನಾಳೆಯಿಂದ ಬರುವುದು ಬೇಡ ಎಂದರು. ನಾನು ಒಳಗೆ ನುಗ್ಗಿ, ಭಾವ ಓಡಾಡಿರದಿದ್ದರೆ ಇದು ಆಗುತ್ತಲೇ ಇರಲಿಲ್ಲ, ಗೋಡೌನಿನಲ್ಲಾದರೂ ಒಂದು ಕೆಲಸ ಕೊಡಿ ಎಂದು ಕೂಗಾಡಿದೆ. "ಕೂತ್ಕೊಂಡಿರೋಕೆ ಸಂಬಳ ಕೊಡಕ್ಕಾಗುತ್ತೇನಮ್ಮ? ನೀನೇ ಹೇಳು" ಎಂದರು. ಗಡಿಯಾರ ನೋಡಿಕೊಂಡು ಊಟಕ್ಕೆ ಹೋದರು.

ಹೊರಗೆ ಬಂದರೆ ಭಾವ ಸ್ಟೂಲಿನ ಮೇಲೆ ಕೂತಿದ್ದರು. ಊಟದ ಹೊತ್ತಾಗಿತ್ತು, ಬೇರೆ ಯಾರೂ ಇರಲಿಲ್ಲ.

"ಹೋಗೋಣ ಬನ್ನಿ ಭಾವ. ನಾನೂ ಬರ್ತೀನಿ, ಅಕ್ಕನಿಗೆ ನಾನೇ ಹೇಳ್ತೀನಿ."

"ಹೆಂಗೆ ಬರ್ಲಿ? ರಿಲೀವರ್ ಬಂದಿಲ್ಲ."

ಮೊದಲು ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಫೌಂಡ್ರಿಯಲ್ಲಿ ಶಿಫ್ಟ್ ಮುಗಿದರೂ, ಮುಂದಿನ ಶಿಫ್ಟಿನವನು ಬಂದು ಮಷೀನ್ ತಗೊಳ್ಳುವ ತನಕ ಯಾರೂ ಜಾಗ ಬಿಡುವಂತಿಲ್ಲ. ಬಿಟ್ಟು ಹೋದವನು ಗಂಡಸೇ ಅಲ್ಲ. ತಮ್ಮ ಜಾಗಕ್ಕೆ ಯಾರನ್ನೋ ತಂದಿರಬೇಕು ಎಂದೇ ಅವರು ತಿಳಿದಿದ್ದರು. ಅವರಿಗಿಂತ ಚಿಕ್ಕವನು, ಓದಿದವನು, ಯಾರೋ ಒಬ್ಬ. ಅವನು ಬಂದರೆ ಒಪ್ಪಿಸಿ ಹೋಗುವುದು. ಯಾರೂ ಬರುವುದಿಲ್ಲ ಎಂಬುದು ಇನ್ನೂ ಅವರ ತಲೆಗೆ ಹೋಗಿರಲಿಲ್ಲ.

ಮತ್ತೊಮ್ಮೆ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ನಾನೇ ಭಾವ. ನಾನು ಬಂದಿದೀನಿ. ಏನೇನಿದೆ ಹೇಳಿ."

ಅವರು ತಟಕ್ಕನೆ ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. "ಎಲ್ಲಾ ಓಡ್ತಿದೆ. ಬೆಳಿಗ್ಗೆಯಿಂದ ಏನೂ ಕಂಪ್ಲೇಂಟ್ ಇಲ್ಲ. ಬಸ್‌ಸ್ಟ್ಯಾಂಡ್ ಅಂಗಡೀದು ಸ್ವಲ್ಪ ನಿಧಾನ, ಅದರ ಮೇಲೆ ಒಂದು ಕಣ್ಣಿಟ್ಟಿರು" ಎಂದರು.

"ಆಯ್ತು ಭಾವ. ತಗೊಂಡೆ."

"ಸರಿ ಹಾಗಾದ್ರೆ" ಎಂದು ಚಪ್ಪಲಿ ಮೆಟ್ಟಿದರು. ನಿನ್ನ ಅಕ್ಕನಿಗೆ ನಾನೇ ಹೇಳುತ್ತೇನೆ, ನೀನು ಬರಬೇಡ ಎಂದರು. ಬಾಗಿಲ ತನಕ ಹೋಗಿ ತಿರುಗಿದರು.

"ನಾಳೆ ನಂದು ಯಾವ ಶಿಫ್ಟು?"

ಇಷ್ಟು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬಂದಿತ್ತು. ಕೇಳಿದ ಮೇಲೆ ಅವರಿಗೇ ಗೊತ್ತಾಯಿತು. ಉತ್ತರಕ್ಕೆ ಕಾಯದೆ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.